ಮಗಳನ್ನೇ ಕೇಳಲಿ ಬಿಡಿ

ಸಿಂಧನೂರಿನಿಂದ ತಂದೆಯೊಬ್ಬರು ಬರೆದಿದ್ದಾರೆ: ‘ನನ್ನ ಮಗಳಿಗೆ ಒಂಬತ್ತು ವರ್ಷ. ಹುಣಸೆಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದೆ. ಫಿಸಿಯೋಥೆರಪಿಗೆ ಹೋದಾಗಲೆಲ್ಲ ಏನೇನು ಮಾಡಬಲ್ಲೆ ಎಂದು ಅವಳನ್ನೇ ಕೇಳಿ ಬರೆದುಕೊಳ್ಳುತ್ತಾರೆ. ಮಗುವಿಗೆ ಏನು ತಿಳಿಯುತ್ತದೆ? ಡಾಕ್ಟರ ವರದಿ ಸಾಲದೇ?’

ವರದಿ ಬೇಕು, ಒಪ್ಪಿದೆ. ಪಿನ್ನಿನ ಮೊನೆ, ಹತ್ತಿಯ ಎಳೆ ತಾಗಿಸಿ ಸ್ಪರ್ಶ ನೋಡುತ್ತಾರೆ. ಎಡಗಡೆ 10, ಬಲಗಡೆ 10 ಮುಖ್ಯ ಸ್ನಾಯುಗಳ ಶಕ್ತಿಗೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಪೆಟ್ಟು ಎಲ್ಲಿದೆ, ಎಷ್ಟಿದೆ ಎಂಬುದು ಅದರಿಂದಲೇ ಗೊತ್ತಾಗುವುದು. ಆದರೆ ನಿಮ್ಮ ಮಗಳು ಹಾಸಿಗೆಯಿಂದ ಗಾಲಿಕುರ್ಚಿಗೆ ತಾನೇ ದಾಟುತ್ತಾಳೋ, ಬಚ್ಚಲಲ್ಲಿ ಕುಳಿತು ತಾನೇ ನೀರು ಹುಯ್ದುಕೊಳ್ಳುತ್ತಾಳೋ ಎಂಬುದು ಯಾವ ಪಿನ್ನಿಗೂ ತಿಳಿಯದು.

ಮಾನ್ವಿ ಕಡೆಯ ಒಂದು ಮನೆಗೆ ಹೋಗಿದ್ದೆ. ಇಂಥದೇ ಪೆಟ್ಟು ಬಿದ್ದ ಹುಡುಗ. ‘ಅಂಗಿ ತೊಡಲು ಬರುವುದಿಲ್ಲ’ ಎಂದರು ತಾಯಿ. ಹುಡುಗ ಮಾತಾಡಲಿಲ್ಲ. ಟ್ರಂಕಿಗೆ ಮೊಣಕೈ ಊರಿ, ಒಂದೊಂದೇ ತೋಳು ತೂರಿಸಿ, ತಲೆಯ ಮೇಲಿಂದ ಅಂಗಿ ಎಳೆದುಕೊಂಡ. ‘ಬೆಳಿಗ್ಗೆ ಅವ್ವ ಹತ್ತಿ ಬಿಡಿಸಲು ಹೋಗಬೇಕು, ನಾನು ತಡ ಮಾಡುತ್ತೇನೆ’ ಎಂದ. ಮಾಡಬಲ್ಲದ್ದು ಬೇರೆ, ದಿನವೂ ಮಾಡುವುದು ಬೇರೆ. ಆ ಅಂತರ ಎಷ್ಟೆಂದು ಚೆನ್ನಾಗಿ ಬಲ್ಲವನು ಅವನೊಬ್ಬನೇ.

ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯ ಮತ್ತು ಶ್ರೈನರ್ಸ್ ಮಕ್ಕಳ ಆಸ್ಪತ್ರೆಗಳ ಸಂಶೋಧಕರು ಇದನ್ನು ಅರಿತೇ ಬೆನ್ನುಹುರಿ ಪೆಟ್ಟಿನ ಮಕ್ಕಳಿಗಾಗಿ ಪ್ರತ್ಯೇಕ ಅಳತೆ ರೂಪಿಸಿದರು. ಸಾಮಾನ್ಯ ಚಲನೆ, ದಿನಚರಿ, ಗಾಲಿಕುರ್ಚಿಯ ಓಡಾಟ, ನಡಿಗೆ ಎಂದು ನಾಲ್ಕು ಭಾಗ. ಮಗುವಿನ ಉತ್ತರಕ್ಕೊಂದು, ಹೆತ್ತವರ ಉತ್ತರಕ್ಕೊಂದು ಪತ್ರಿಕೆ. ಕಂಪ್ಯೂಟರ್ ಹಿಂದಿನ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ತಾನೇ ಎದ್ದು ಕೂರುತ್ತೇನೆ ಎಂದ ಮಗುವಿಗೆ ಮಗ್ಗುಲು ಹೊರಳಬಲ್ಲೆಯಾ ಎಂದು ಕೇಳಿ ಬೇಸರ ತರಿಸುವುದಿಲ್ಲ. ನಮ್ಮ ಕಡೆ ಬಳಸುವಾಗ ನೆಲದ ಮೇಲಿನ ಊಟ, ಎತ್ತರದ ಹೊಸ್ತಿಲು, ಬಯಲಿನ ಬಚ್ಚಲು ಇವನ್ನೂ ಕೇಳಬೇಕು. ಕೇಳುವವರು ಯಾರು?

ನಮ್ಮಲ್ಲಿ ಎಲ್ಲವೂ ಶೇಕಡಾವಾರಿಗೆ ಬಂದು ನಿಲ್ಲುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅನೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಅಂಗವೈಕಲ್ಯವಿರಬೇಕು. ಪ್ರಮಾಣಪತ್ರ ಕೈಗೆ ಬಂದರೆ ಸಾಕು, ಮಗು ಮುಂದೇನು ಕಲಿಯಿತು ಎಂದು ಯಾವ ಕಚೇರಿಯೂ ವಿಚಾರಿಸುವುದಿಲ್ಲ. ಕಲಿಯಲು ಹೋಗುವ ಶಾಲೆಯನ್ನೇ ನೋಡಿ. ಗಾಲಿಕುರ್ಚಿ ಏರುವ ಇಳಿಜಾರು ದಾರಿಗೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಾನು ನೋಡಿದ ಶಾಲೆಗಳಲ್ಲಿ ಗುತ್ತಿಗೆದಾರರು ಮೆಟ್ಟಿಲ ಮೇಲೆ ಸಿಮೆಂಟು ಸುರಿದು ಬಿಲ್ಲು ಬರೆಸಿಕೊಂಡಿದ್ದಾರೆ. ಅಲ್ಲಿ ಗಾಲಿಕುರ್ಚಿಯನ್ನು ಇಬ್ಬರು ಹೊತ್ತೇ ಒಯ್ಯಬೇಕು. ಆಮೇಲೆ ‘ಮಗುವಿಗೆ ಸಾಧ್ಯವಿಲ್ಲ’ ಎಂದು ಬರೆಯುವುದು ಅದೇ ಗುತ್ತಿಗೆದಾರನ ಪಾಪವನ್ನು ಮಗುವಿನ ತಲೆಗೆ ಕಟ್ಟಿದಂತೆ.

ನೀವು ಕೆಲಸ ಬಿಟ್ಟು, ಬಸ್ಸು ಹತ್ತಿಸಿ ಮಗಳನ್ನು ಕರೆದೊಯ್ಯುತ್ತಿದ್ದೀರಿ. ಅದು ಸಣ್ಣ ಮಾತಲ್ಲ. ಮುಂದಿನ ಸಲ ಅವಳು ಉತ್ತರಿಸುವಾಗ ನಡುವೆ ಬಾಯಿ ಹಾಕಬೇಡಿ. ಅದೇ ಪ್ರಶ್ನೆಗಳಿಗೆ ನಿಮ್ಮ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಎಲ್ಲೆಲ್ಲಿ ಇಬ್ಬರ ಮಾತೂ ತಾಳೆಯಾಗುವುದಿಲ್ಲವೋ, ಅಲ್ಲಿಂದಲೇ ವ್ಯಾಯಾಮ ಶುರುವಾಗಲಿ ಎಂದು ಥೆರಪಿಸ್ಟರಿಗೆ ಹೇಳಿ.