‘ಮಾಕಿ’ ಎಂದರೆ ಬರಿಯ ಪೊದೆಯಲ್ಲ

ಪಶ್ಚಿಮ ಆಫ್ರಿಕಾದ ಫ್ರೆಂಚ್ ನುಡಿಯ ದೇಶವಾದ ಐವರಿ ಕೋಸ್ಟ್ ಮೂಲದ ಸಹೋದ್ಯೋಗಿಯೊಬ್ಬರು ಶನಿವಾರ ಸಂಜೆ ನಿಮ್ಮನ್ನು ‘ಮಾಕಿ’ಗೆ ಊಟಕ್ಕೆ ಕರೆದರೆಂದೂ, ನಿಘಂಟು ಅದಕ್ಕೆ ಪೊದೆಗಾಡು ಎಂದು ಅರ್ಥ ಕೊಡುತ್ತದೆಂದೂ, ಪ್ಯಾರಿಸ್ಸಿನ ಚೌಕವೊಂದರ ಫಲಕದಲ್ಲಿ ‘ಮಾಕಿ ದ್ಯು ವೆರ್ಕೋರ್’ ಎಂದಿತ್ತೆಂದೂ ಬರೆದಿದ್ದೀರಿ. ಈ ಮೂರೂ ಒಂದೇ ಪದವೆಂದು ತಿಳಿಯಲು ನನಗೆ ಇಲ್ಲಿ ಹಲವು ವರ್ಷಗಳೇ ಬೇಕಾದವು.

ಇದು ಕಾರ್ಸಿಕಾ ದ್ವೀಪದಿಂದ ಫ್ರೆಂಚಿಗೆ ಬಂದ ಪದ. ಅದರ ಬೇರು ಲ್ಯಾಟಿನ್ನಿನ ‘ಮಾಕುಲಾ’, ಅಂದರೆ ಮಚ್ಚೆ. ಗುಡ್ಡದ ಮೈಮೇಲಿನ ಪೊದೆಗಳು ದೂರಕ್ಕೆ ಹಾಗೆ ಕಾಣುತ್ತವೆ. ನಮ್ಮ ಬಯಲುಸೀಮೆಯ ಕುರುಚಲು ಕಾಡನ್ನು ನೆನೆದುಕೊಳ್ಳಿ, ಆದರೆ ಇದು ಇನ್ನೂ ದಟ್ಟವಾದದ್ದು, ರೋಸ್‌ಮರಿಯಂಥ ಗಿಡಗಳಿಂದಾಗಿ ಘಮಘಮಿಸುವಂಥದ್ದು. ಕುಲವೈರದಲ್ಲಿ ಕೊಲೆ ಮಾಡಿದವನು ಅಲ್ಲಿಗೇ ಓಡುತ್ತಿದ್ದನಾದ್ದರಿಂದ, ‘ಮಾಕಿ ಹಿಡಿಯುವುದು’ ಎಂದರೆ ತಲೆಮರೆಸಿಕೊಳ್ಳುವುದು ಎಂದಾಯಿತು.

ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನಿಯ ಹಿಡಿತದಲ್ಲಿದ್ದಾಗ, 1943ರ ಫೆಬ್ರವರಿಯಲ್ಲಿ ಫ್ರೆಂಚ್ ಯುವಕರನ್ನು ಕಡ್ಡಾಯ ದುಡಿಮೆಗೆಂದು ಜರ್ಮನಿಗೆ ಕಳುಹಿಸುವ ಕಾನೂನು ಬಂದಾಗ, ಹೋಗಲೊಪ್ಪದ ಸಾವಿರಾರು ಮಂದಿ ಬೆಟ್ಟ ಸೇರಿದರು. ಆಲ್ಪ್ಸ್‌ನಲ್ಲಿ ಕಾರ್ಸಿಕಾದ ಪೊದೆಗಳಿರಲಿಲ್ಲ. ಆದರೂ ಜರ್ಮನರ ವಿರುದ್ಧ ಹೋರಾಡಿದ ಅವರ ದಳಗಳಿಗೆ ‘ಮಾಕಿ’ ಎಂಬ ಹೆಸರೇ ನಿಂತಿತು, ಅವರು ‘ಮಾಕಿಸಾರ್’ ಎನಿಸಿಕೊಂಡರು. ನೀವು ಕಂಡ ಫಲಕ ಅವರದು. 1944ರ ಜುಲೈನಲ್ಲಿ ಜರ್ಮನ್ ಪಡೆ ಗ್ಲೈಡರ್‌ಗಳಲ್ಲಿ ವೆರ್ಕೋರ್ ಪ್ರಸ್ಥಭೂಮಿಗಿಳಿದು, ಹೋರಾಟಗಾರರೊಡನೆ ಹಳ್ಳಿಗರನ್ನೂ ಕೊಂದಿತು. ನಮ್ಮ ಬೀದಿಯಲ್ಲಿದ್ದ ಅಜ್ಜಿಯೊಬ್ಬರು ಈ ಪದವನ್ನಾಡುವಾಗ ದನಿ ತಗ್ಗಿಸುತ್ತಿದ್ದರು. ಅವರ ಅಣ್ಣ ಹಾಗೆ ಬೆಟ್ಟ ಸೇರಿದವರು. ಹಿರಿಯರ ಮುಂದೆ ಈ ಪದವನ್ನು ಹಗುರವಾಗಿ ಬಳಸಬೇಡಿ ಎಂದು ಅದಕ್ಕಾಗಿಯೇ ಕೇಳಿಕೊಳ್ಳುತ್ತೇನೆ.

ನಿವಾಸ ಪರವಾನಗಿಗೆ ಅಲೆಯುವಾಗ ‘ಕಾಗದಪತ್ರಗಳ ಮಾಕಿ’ ಎಂಬ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. ಅಲ್ಲಿ ಉಳಿದಿರುವುದು ದಾರಿ ಕಾಣದ ಗೋಜಲೆಂಬ ಅರ್ಥ ಮಾತ್ರ.

ಇನ್ನು ನಿಮ್ಮ ಶನಿವಾರದ ಊಟ. ಐವರಿ ಕೋಸ್ಟ್‌ನಲ್ಲಿ ಪರವಾನಗಿಯಿಲ್ಲದೆ ಮರೆಯಲ್ಲಿ ನಡೆಯುತ್ತಿದ್ದ ಅಗ್ಗದ ಊಟದ ಮನೆಗಳಿಗೆ ಈ ಹೆಸರು ಬಿತ್ತು. ಈಗ ಅವು ರಾಜಾರೋಷವಾಗಿ ನಡೆಯುತ್ತವೆ, ಪ್ಯಾರಿಸ್ಸಿಗೂ ಬಂದಿವೆ. ಕೆಂಡದಲ್ಲಿ ಸುಟ್ಟ ಮೀನು ಅಲ್ಲಿಯ ಮುಖ್ಯ ಅಡುಗೆ. ನೀವು ಸಸ್ಯಾಹಾರಿಯೆಂದು ಬರೆದಿರುವುದರಿಂದ ‘ಅಟಿಯೇಕೆ’ ಕೇಳಿ. ಹುದುಗಿಸಿದ ಮರಗೆಣಸಿನ ತುರಿಯನ್ನು ಹಬೆಯಲ್ಲಿ ಬೇಯಿಸಿದ ಅದು ನೋಡಲು ಉಪ್ಪಿಟ್ಟಿನಂತೆಯೇ ಇರುತ್ತದೆ. ಜೊತೆಗೆ ಕರಿದ ಬಾಳೆಹಣ್ಣು ‘ಅಲೊಕೊ’ ಇದ್ದರೆ ಹೊಟ್ಟೆ ತುಂಬುತ್ತದೆ, ಆದರೆ ಅದೇ ಎಣ್ಣೆಯಲ್ಲಿ ಮೀನನ್ನೂ ಕರಿದಿದ್ದಾರೆಯೇ ಎಂದು ಸಹೋದ್ಯೋಗಿಯಿಂದ ಮೊದಲೇ ವಿಚಾರಿಸಿಕೊಳ್ಳಿ.