ನಾಲ್ಕು ಜನ, ನಾಲ್ಕು ದೆವ್ವ: ಒಂದು ತೊಟ್ಟಿ ಮನೆಯ ಪ್ರಕರಣ

ಫೋನ್ ಮಾಡಿದವರು ಮೊದಲು ಕೇಳಿದ್ದೇ ಇದು: "ಮೇಡಂ, ನೀವು ದೆವ್ವ ನಂಬ್ತೀರಾ?"

ನಾನು ಶಿವಮೊಗ್ಗದಲ್ಲಿ ಆಪ್ತಸಮಾಲೋಚನೆ ಮಾಡುವವಳು. ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಒಳ್ಳೆ ಉತ್ತರ ಇಲ್ಲ. ಹೌದು ಅಂದರೆ ನನಗಿಂತ ಮಂತ್ರವಾದಿಯೇ ವಾಸಿ, ಇಲ್ಲ ಅಂದರೆ ಅವರು ಮುಂದೆ ಏನನ್ನೂ ಹೇಳುವುದಿಲ್ಲ. "ನಿಮ್ಮ ಮನೇಲಿ ಯಾರು ಸರಿಯಾಗಿ ನಿದ್ದೆ ಮಾಡ್ತಿಲ್ಲ?" ಅಂತ ತಿರುಗಿ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾರೂ ಮಾಡ್ತಿಲ್ಲ" ಅಂದರು.

ಅವರನ್ನು ಸುಮಾ ಅನ್ನೋಣ. ಹೆಸರು, ವಯಸ್ಸು, ಕೆಲಸ ಎಲ್ಲ ಬದಲಿಸಿದ್ದೇನೆ, ಊರನ್ನೂ ಆಚೀಚೆ ಮಾಡಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಬೆಂಗಳೂರಲ್ಲಿ ಹತ್ತು ವರ್ಷ ಇದ್ದ ಕುಟುಂಬ. ಅತ್ತೆ ತೀರಿಕೊಂಡ ಮೇಲೆ ಮಾವ ಒಬ್ಬರೇ ಆದರು ಅಂತ ಗಂಡ ಪ್ರಶಾಂತ್ ಮನೆಯಿಂದಲೇ ಕೆಲಸ ಮಾಡುವ ಹಾಗೆ ಕಂಪನಿಯಲ್ಲಿ ಮಾತಾಡಿ, ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಊರಿಗೆ ಬಂದರು. ಊರು ಅಂದರೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುವ ಒಂಟಿ ಮನೆ. ನಡುವೆ ತೊಟ್ಟಿ, ಸುತ್ತ ಜಗಲಿ, ಮೇಲೆ ಅಟ್ಟ, ಹಿಂದೆ ಅಡಿಕೆ ತೋಟ. ಪಕ್ಕದ ಮನೆಗೆ ಹೋಗಬೇಕಾದರೆ ಗದ್ದೆ ಬದುವಿನ ಮೇಲೆ ಹದಿನೈದು ನಿಮಿಷ ನಡೆಯಬೇಕು. ಆ ಮನೆಗೆ ಮೊದಲಿಂದಲೂ ದೆವ್ವದ ಮನೆ ಅಂತ ಹೆಸರಿದೆ. ಮಾವನ ತಂಗಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಹಿತ್ತಲ ಬಾವಿಗೆ ಬಿದ್ದು ಹೋದರಂತೆ. ಜಾರಿದ್ದೋ ಹಾರಿದ್ದೋ, ಯಾರೂ ಹೇಳುವುದಿಲ್ಲ. ಸಂಜೆ ಆರರ ಮೇಲೆ ಕೆಲಸದವರು ಆ ಮನೆಯಲ್ಲಿ ನಿಲ್ಲುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಘಟ್ಟದ ಕಡೆ ಭೂತ ಅಂದರೆ ಕೈಮುಗಿಯುವ ಶಕ್ತಿ, ತೋಟ ಕಾಯುವ ಚೌಡಿಯ ಹಾಗೆ. ಅದಕ್ಕೂ ದೆವ್ವಕ್ಕೂ ಸಂಬಂಧ ಇಲ್ಲ. ಇವರ ಮನೆಯಲ್ಲೂ ವರ್ಷಕ್ಕೊಮ್ಮೆ ಚೌಡಿಗೆ ಪೂಜೆ ಇದೆ, ಅದರ ಬಗ್ಗೆ ಯಾರಿಗೂ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಬಾವಿಯ ಬಗ್ಗೆ.

ಮೊದಲ ಭೇಟಿಯಲ್ಲೇ ನಾನೊಂದು ತಪ್ಪು ಮಾಡಿದೆ. ಗಂಡ ಹೆಂಡತಿ ಇಬ್ಬರೂ ಶಿವಮೊಗ್ಗಕ್ಕೆ ಬಂದಿದ್ದರು. ಸುಮಾ ಅಟ್ಟದ ಮೇಲೆ ಧಡಧಡ ಸದ್ದು ಬರುತ್ತದೆ ಅಂದಾಗ, ನಾನೂ ಹಂಚಿನ ಮನೆಯಲ್ಲಿ ಬೆಳೆದವಳು ತಾನೇ, ನಕ್ಕು "ಕಬ್ಬೆಕ್ಕು ಇರಬೇಕು ನೋಡಿ" ಅಂದೆ. ಪ್ರಶಾಂತ್ ಖುಷಿಯಾಗಿ "ನಾನೂ ಅದೇ ಹೇಳಿದ್ದು" ಅಂದರು. ಸುಮಾ ಕೈಚೀಲದ ಜಿಪ್ ಎಳೆದು ಮಡಿಲಲ್ಲಿ ಇಟ್ಟುಕೊಂಡರು. ಉಳಿದ ಅರ್ಧ ಗಂಟೆ ಅವರಿಂದ ಒಂದು ಮಾತಿಲ್ಲ. ಆಮೇಲೆ ನೋಡಿದರೆ ಅಟ್ಟದಲ್ಲಿ ಇದ್ದದ್ದು ಕಬ್ಬೆಕ್ಕೇ, ಹಿಕ್ಕೆಯೂ ಸಿಕ್ಕಿತು. ಆದರೂ ಆ ದಿನ ಅದನ್ನು ಹೇಳಬಾರದಿತ್ತು. ಅವರು ಸದ್ದಿನ ಬಗ್ಗೆ ಮಾತಾಡಲು ಬಂದಿರಲೇ ಇಲ್ಲ.

ಎರಡನೇ ಭೇಟಿಗೆ ಬಂದರು, ಅದು ನನ್ನ ಪುಣ್ಯ. ಕ್ಷಮೆ ಕೇಳಿದೆ. ಒಂದು ಕೆಲಸ ಕೊಟ್ಟೆ. ಮನೆಯ ನಾಲ್ಕೂ ಜನ ಬೇರೆ ಬೇರೆ ನೋಟ್‌ಬುಕ್ ಇಟ್ಟುಕೊಳ್ಳಬೇಕು. ಏನು ಕೇಳಿಸಿತು, ಏನು ಕಂಡಿತು, ಎಷ್ಟು ಗಂಟೆ, ಯಾವ ಕೋಣೆ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ, ಎದ್ದಾಗ ಮೈ ಹೇಗಿತ್ತು. ಮೂರು ವಾರ ಒಬ್ಬರದ್ದು ಇನ್ನೊಬ್ಬರು ನೋಡುವಂತಿಲ್ಲ. ಮಗಳು ಚಿತ್ರ ಬಿಡಿಸಿದರೂ ಸಾಕು. ಮಾವ, ಅವರನ್ನು ಅಜ್ಜ ಅಂತಲೇ ಕರೆಯುತ್ತೇನೆ, ಬರೆಯಲು ಒಪ್ಪಲಿಲ್ಲ. "ಬಂದು ಬಾಯಲ್ಲೇ ಹೇಳ್ತೀನಿ" ಅಂದರಂತೆ.

ಜೊತೆಗೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದೆ: ಅದು ನಿಮಗೆ ಏನಾದರೂ ಮಾಡು ಅಂತ ಹೇಳುತ್ತದಾ? ಬಾ ಅಂತ ಕರೆಯುತ್ತದಾ? ಇದನ್ನು ಯಾವತ್ತೂ ಬಿಡುವುದಿಲ್ಲ. ಸದ್ದು ಕೇಳುವುದು ಬೇರೆ, ಧ್ವನಿಯೊಂದು "ಬಾವಿಗೆ ಬಾ" ಅನ್ನುವುದು ಬೇರೆ. ಎರಡನೆಯದಾಗಿದ್ದರೆ ನೋಟ್‌ಬುಕ್ ಆಟ ಅಲ್ಲೇ ನಿಲ್ಲಿಸಿ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಡಾಕ್ಟರ್ ದೂರ ಅನ್ನುವವರು 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಇವರಲ್ಲಿ ಯಾರಿಗೂ ಹಾಗೆ ಕೇಳಿಸುತ್ತಿರಲಿಲ್ಲ.

ಮೂರು ವಾರ ಆದ ಮೇಲೆ ನೋಟ್‌ಬುಕ್‌ಗಳು ಬಂದವು. ಎಲ್ಲವನ್ನೂ ಮೇಜಿನ ಮೇಲೆ ಬಿಚ್ಚಿಟ್ಟು ತಾರೀಖು ತಾಳೆ ಹಾಕಿ ನೋಡಿದೆ. ಒಂದೂ ಹೊಂದಲಿಲ್ಲ! ಒಬ್ಬರ ದೆವ್ವ ಇನ್ನೊಬ್ಬರಿಗೆ ಒಂದು ಸಲವೂ ಕಂಡಿರಲಿಲ್ಲ.

ಸುಮಾ ಬರೆದದ್ದೆಲ್ಲ ಒಂದೇ ಕೋಣೆಯದ್ದು. ರಾತ್ರಿ ಎರಡರಿಂದ ನಾಲ್ಕರ ಒಳಗೆ. ಯಾರೋ ನಡೆದ ಹಾಗೆ, ಹೆಸರು ಹಿಡಿದು ಕರೆದ ಹಾಗೆ. ಎದ್ದರೆ ತಲೆ ಸಿಡಿತ, ವಾಕರಿಕೆ. ಮಗಳ ಜೊತೆ ಚಾವಡಿಯಲ್ಲಿ ಮಲಗಿದ ರಾತ್ರಿಗಳಲ್ಲಿ ಏನೂ ಇಲ್ಲ. ಒಂದು ಪುಟದ ಮೂಲೆಯಲ್ಲಿ, ಲೆಕ್ಕಕ್ಕಿಲ್ಲದ ಹಾಗೆ, "ಥಂಡಿ ಜಾಸ್ತಿ, ಕೆಂಡ ಇಟ್ಟಿದ್ದೆ" ಅಂತ ಇತ್ತು. ಅದನ್ನು ಓದಿ ನಾನು ನೆಟ್ಟಗೆ ಕೂತೆ.

ಆ ಕೋಣೆಯನ್ನು ಅವರು ಬರುವ ಮುಂಚೆ ರಿಪೇರಿ ಮಾಡಿಸಿದ್ದರು. ಮೇಲೆ ಜಿಪ್ಸಮ್ ಸೀಲಿಂಗ್, ಹಳೇ ಮರದ ಕಿಟಕಿ ತೆಗೆದು ಅಲ್ಯೂಮಿನಿಯಂ ಸ್ಲೈಡಿಂಗ್. ಬೆಂಗಳೂರಿನವರಿಗೆ ಬೆಂಗಳೂರಿನ ಕೋಣೆ. ಅಜ್ಜ ಮೊದಲಿಂದಲೂ ಮಳೆಗಾಲದಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡೇ ಮಲಗಿದವರು, ಅವರಿಗೆ ಏನೂ ಆಗಿರಲಿಲ್ಲ. ಯಾಕೆಂದರೆ ಹಳೇ ಕೋಣೆಯಲ್ಲಿ ಹಂಚಿನ ಸಂದಿಯಿಂದ ಎಲ್ಲ ಹೊರಗೆ ಹೋಗುತ್ತದೆ. ಸೀಲಿಂಗ್ ಹಾಕಿ ಕಿಟಕಿ ಬಿಗಿಮಾಡಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟುತ್ತದೆ. ತಲೆನೋವು, ವಾಕರಿಕೆ, ಗೊಂದಲ, ಜಾಸ್ತಿಯಾದರೆ ಸಾವು. ಬಚ್ಚಲಿನ ಗ್ಯಾಸ್ ಗೀಸರ್‌ನಿಂದ ಹೀಗೆ ಸತ್ತವರ ಸುದ್ದಿ ಓದಿದ್ದೀರಿ, ಅಲ್ವಾ?

ಇದು ಹೊಸದಲ್ಲ. 1921ರಲ್ಲಿ ಅಮೆರಿಕದ ವಿಲಿಯಂ ವಿಲ್ಮರ್ ಎಂಬ ಕಣ್ಣಿನ ವೈದ್ಯರು ಒಂದು ಕುಟುಂಬದ ಕಥೆ ಪ್ರಕಟಿಸಿದ್ದರು. 1912ರಲ್ಲಿ ಹಳೇ ದೊಡ್ಡ ಮನೆಗೆ ಹೋದವರು. ಹೆಜ್ಜೆ ಸದ್ದು, ಕಾಣದ ಜನ, ಬಿಳಿಚಿಕೊಂಡ ಮಕ್ಕಳು. ಕೊನೆಗೆ ನೋಡಿದರೆ ಮನೆ ಬಿಸಿ ಮಾಡುವ ಒಲೆ ಕೆಟ್ಟು, ಹೊಗೆ ಚಿಮಣಿಗೆ ಹೋಗುವ ಬದಲು ಕೋಣೆಗಳಿಗೆ ಬರುತ್ತಿತ್ತು. ಒಲೆ ಸರಿ ಮಾಡಿಸಿದ ಮೇಲೆ ಎಲ್ಲ ನಿಂತಿತು.

ಸುಮಾ ಕೋಣೆಯ ಗಾಳಿಯನ್ನು ಯಾರೂ ಅಳೆದಿಲ್ಲ, ಹಾಗಾಗಿ ಇದೇ ಕಾರಣ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಕೆಂಡ ಇವತ್ತೇ ನಿಲ್ಲಿಸಿ, ಕಿಟಕಿ ಅರ್ಧ ತೆರೆದಿಡಿ, ನಾಳೆ ಡಾಕ್ಟರ್‌ಗೆ ತೋರಿಸಿ ಅಂದೆ. ಹತ್ತು ದಿನದಲ್ಲಿ ತಲೆನೋವು ಹೋಯಿತು. ಹೆಜ್ಜೆ ಸದ್ದೂ ಹೋಯಿತು.

ಪ್ರಕರಣ ಮುಗಿಯಿತು ಅಂದುಕೊಂಡೆ. ಸುಮಾ ಹೇಳಿದರು, "ಆದ್ರೂ ನಂಗೆ ಆ ಮನೇಲಿ ಇರೋಕಾಗಲ್ಲ ಮೇಡಂ."

ನಾನು ಸುಮ್ಮನೆ ಕೂತೆ. ಅವರು ತುಂಬಾ ಹೊತ್ತು ಕಿಟಕಿ ಕಡೆ ನೋಡಿ, "ದೆವ್ವ ಇದ್ದಿದ್ರೇ ಒಳ್ಳೇದಿತ್ತು" ಅಂದರು. "ದೆವ್ವ ಇದೆ ಅಂದ್ರೆ ಊರೆಲ್ಲ ನನ್ನ ಪರ. ನಾದಿನಿ ಕೂಡ ಪಾಪ ಅಂತಾಳೆ. ಇರೋಕೆ ಇಷ್ಟ ಇಲ್ಲ ಅಂದ್ರೆ ವಯಸ್ಸಾದ ಮಾವನ್ನ ಬಿಟ್ಟು ಹೋಗೋ ಸೊಸೆ ಆಗ್ತೀನಿ."

ಇದನ್ನು ನಾಟಕ ಅಂತ ಓದಬೇಡಿ. ಅವರಿಗೆ ಕೇಳಿಸಿದ್ದು ನಿಜವಾಗಿಯೂ ಕೇಳಿಸಿತ್ತು, ಹೆದರಿಕೆಯೂ ನಿಜ. ಆದರೆ ಬೆಂಗಳೂರಲ್ಲಿ ಸ್ವಂತ ಟ್ಯೂಷನ್ ನಡೆಸುತ್ತಿದ್ದ ಹೆಂಗಸು, ವರ್ಷಕ್ಕೆ 7,000 ಮಿ.ಮೀ. ಆಚೀಚೆ ಮಳೆ ಸುರಿಯುವ ಸೀಮೆಯಲ್ಲಿ, ಮಾತಾಡಲು ಒಬ್ಬ ಗೆಳತಿಯೂ ಇಲ್ಲದೆ ಐದು ತಿಂಗಳು ಕಳೆದಿದ್ದರು. ಅದನ್ನು ಹೇಳಲು ಮನೆಯಲ್ಲಿ ಜಾಗ ಇರಲಿಲ್ಲ, ದೆವ್ವದ ಬಗ್ಗೆ ಹೇಳಲು ಜಾಗ ಇತ್ತು. ನಾನು ಕೊಟ್ಟ ಸಲಹೆ ಇಷ್ಟೇ: ಗಂಡನಿಗೆ ಒಂದು ಸಲ ದೆವ್ವದ ಸುದ್ದಿ ತರದೆ ಹೇಳಿ ನೋಡಿ. ಏನು ಬೇಡ ಅಂತ ಅಲ್ಲ, ಏನು ಬೇಕು ಅಂತ. ನನ್ನ ಎದುರು ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದರು. ಮೊದಲ ಮೂರು ಸಲವೂ "ಅಲ್ಲಿ ಬಾವಿ ಇದೆಯಲ್ಲ" ಅಂತಲೇ ಶುರುವಾಯಿತು.

ಮಗಳದ್ದು ಬೇರೆ ಕಥೆ. ಅಟ್ಟದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೆದಿದ್ದಳು. ಸುಮಾ ಮೊಬೈಲಲ್ಲಿ ಫೋಟೋ ತೋರಿಸಿದರು. "ಳೆ" ಜಾಗದಲ್ಲಿ ಮೊದಲು "ಲೆ" ಬರೆದು ಅಂಗೈಯಲ್ಲಿ ಉಜ್ಜಿ ಅಳಿಸಿದ ಬಿಳಿ ಕಲೆ ಇತ್ತು. 90ರ ದಶಕದಲ್ಲಿ ಊರೂರಲ್ಲಿ ಬಾಗಿಲ ಮೇಲೆ ಇದನ್ನೇ ಬರೆದುಕೊಂಡವರು ನಾವು, ನಮ್ಮಮ್ಮನೂ ಬರೆದಿದ್ದರು, ಹಾಗಾಗಿ ನನಗೆ ನಗು ಬರಲಿಲ್ಲ. ಮಗುವಿಗೆ ಆ ಕಥೆ ಹೇಳಿದ್ದು ಅವರಪ್ಪ, ತಮಾಷೆಗೆ. ಬಾವಿಯ ಕಥೆ ಅವಳಿಗೆ ತುಂಡು ತುಂಡಾಗಿ ಕೆಲಸದವರಿಂದ ಬಂದಿತ್ತು. ದೊಡ್ಡವರು ಅವಳು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಮಕ್ಕಳು ಆ ನಿಲ್ಲಿಸಿದ ಜಾಗವನ್ನು ತಾವೇ ತುಂಬಿಕೊಳ್ಳುತ್ತಾರೆ, ಅದೂ ನಿಜಕ್ಕಿಂತ ಘೋರವಾಗಿ.

ಅದೇ ಹೊತ್ತಿಗೆ ಒಬ್ಬ ನೆಂಟರು, ಮಗುವನ್ನು ಯಾರೋ ಒಬ್ಬರ ಹತ್ತಿರ ಕರೆದುಕೊಂಡು ಹೋಗಿ, ರಾತ್ರಿ ಕೂರಿಸಿ ಮೆಣಸಿನಕಾಯಿ ಹೊಗೆ ಕೊಟ್ಟರೆ ಬಿಡುತ್ತದೆ ಅಂದರಂತೆ. ಈ ಪ್ರಕರಣದಲ್ಲಿ ನಾನು ಕಡ್ಡಿ ಮುರಿದ ಹಾಗೆ ಬೇಡ ಅಂದದ್ದು ಇದೊಂದಕ್ಕೆ. ಮನೆ ಪುರೋಹಿತರಿಂದ ಶಾಂತಿ ಮಾಡಿಸಿಕೊಳ್ಳಿ, ಚೌಡಿಗೆ ಹಣ್ಣುಕಾಯಿ ಮಾಡಿಸಿ, ಮನಸ್ಸಿಗೆ ಸಮಾಧಾನ ಆದರೆ ನನ್ನದೇನೂ ತಕರಾರಿಲ್ಲ. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಕಟ್ಟುವುದು, ಮೆಣಸಿನ ಹೊಗೆ ಕೊಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಮಗುವಿಗೆ ಮಾಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ನಾನೇ ಫೋನ್ ಮಾಡುತ್ತೇನೆ ಅಂತ ನೆಂಟರಿಗೆ ಹೇಳಿ ಅಂದೆ. ಹೇಳಿದರಂತೆ. ಮಾತು ಬಿಟ್ಟಿದ್ದಾರಂತೆ.

ಅಜ್ಜ ಒಂದು ದಿನ ಬೆಳಗಿನ ಮೊದಲ ಬಸ್ಸಿಗೇ ಬಂದರು, ಒಬ್ಬರೇ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. "ನಂಗೆ ಹೆದರಿಕೆ ಏನಿಲ್ಲಮ್ಮ" ಅಂತ ಶುರು ಮಾಡಿದರು. ಬೆಳಗಿನ ಜಾವ ಐದಕ್ಕೆ ಅಡುಗೆಮನೆಯಲ್ಲಿ ಕಾಫಿ ಲೋಟ ಇಟ್ಟ ಸದ್ದು, ಬಳೆ ಸದ್ದು. ಹೆಂಡತಿಯದ್ದೇ. "ಎದ್ದು ಹೋದ್ರೆ ಇರಲ್ಲ. ಅದಕ್ಕೆ ಈಗ ಎದ್ದು ಹೋಗಲ್ಲ." ಇದನ್ನು ವಾಸಿ ಮಾಡಬೇಕಾ ಅಂತ ಅವರ ಪ್ರಶ್ನೆ. ಬೇಡ ಅಂದೆ. ಡೆವಿ ರೀಸ್ ಅನ್ನುವ ವೈದ್ಯರು ವೇಲ್ಸ್‌ನಲ್ಲಿ ಸಂಗಾತಿ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದಿದ್ದಾರೆ, ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ತೀರಿಹೋದವರು ಇದ್ದಾರೆ ಅನ್ನಿಸಿತ್ತು, ತುಂಬಾ ಜನ ಅದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜ ಕೇಳಿಸಿಕೊಂಡು "ಅರ್ಧ ಜನವಾ?" ಅಂದರು. ಊಟ, ಓಡಾಟ, ನೆನಪು ಎಲ್ಲ ಸರಿಯಾಗಿತ್ತು. ಕಣ್ಣು, ಕಿವಿ ಒಮ್ಮೆ ತೋರಿಸಿಕೊಳ್ಳಿ ಅಂದೆ, ಅಷ್ಟೇ.

ಏಳುವ ಮುಂಚೆ ತಂಗಿಯ ಬಗ್ಗೆ ಕೇಳಿದೆ. ಐವತ್ತಕ್ಕೂ ಹೆಚ್ಚು ವರ್ಷದಿಂದ ಆ ಹೆಸರು ಅವರ ಬಾಯಲ್ಲಿ ಬಂದಿರಲಿಲ್ಲವಂತೆ. ಬಂತು. ಸುರಗಿ ಮರ ಹತ್ತಿ ಹೂವು ಕುಯ್ಯುತ್ತಿದ್ದಳು, ಮರ ಹತ್ತಿದ್ದಕ್ಕೆ ಬೈಸಿಕೊಳ್ಳುತ್ತಿದ್ದಳು, ಒಣಗಿದ ಸುರಗಿ ದಂಡೆಯನ್ನು ಪೆಟ್ಟಿಗೆಯಲ್ಲಿ ಸೀರೆ ನಡುವೆ ಇಡುತ್ತಿದ್ದಳು. ಇದನ್ನೇ ಮೊಮ್ಮಗಳಿಗೆ ಹೇಳಿ ಅಂತ ಕೇಳಿಕೊಂಡೆ. ಬಾವಿಯದ್ದೂ ಹೇಳಿ, ಒಂದೇ ವಾಕ್ಯದಲ್ಲಿ, ಅವಳು ಕೇಳಿದಷ್ಟಕ್ಕೆ ಉತ್ತರ. ಮಗಳ ಮುಂದಿನ ಚಿತ್ರದಲ್ಲಿ ಮರ ಇತ್ತು, ಮರದ ಮೇಲೆ ಎರಡು ಜಡೆಯ ಹುಡುಗಿ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಅಂತಲೂ ಹೇಳಿದೆ, ಅದು ದೆವ್ವಕ್ಕಲ್ಲ, ಮಗುವಿಗೆ.

ಅಷ್ಟಾದ ಮೇಲೆ ಅವರೇ ಒಂದು ತೀರ್ಮಾನಕ್ಕೆ ಬಂದರು. ಸುಮಾ ಮತ್ತು ಮಗಳಿಗೆ ತೀರ್ಥಹಳ್ಳಿ ಪೇಟೆಯಲ್ಲಿ ಬಾಡಿಗೆ ಮನೆ, ಸ್ಕೂಲು ಅಲ್ಲೇ, ಶನಿವಾರ ಭಾನುವಾರ ತೊಟ್ಟಿ ಮನೆ. ಸುಮಾ ಮತ್ತೆ ಟ್ಯೂಷನ್ ಶುರು ಮಾಡಿದ್ದಾರೆ. ನಾದಿನಿಗೆ ಏನು ಹೇಳಿದಿರಿ ಅಂತ ಕೇಳಿದೆ. "ದೆವ್ವ ಅಂತಲೇ ಹೇಳಿದೀವಿ" ಅಂದರು. ಇರಲಿ ಬಿಡಿ.

ಉಳಿದವರು ಪ್ರಶಾಂತ್. ದೆವ್ವ ಇಲ್ಲವೇ ಇಲ್ಲ ಅಂದವರ ನೋಟ್‌ಬುಕ್ಕೇ ಎಲ್ಲಕ್ಕಿಂತ ದಪ್ಪ ಇತ್ತು. ಅಮೆರಿಕದ ಸಮಯಕ್ಕೆ ಕೆಲಸ, ಉಪ್ಪರಿಗೆಯಲ್ಲಿ ಒಬ್ಬರೇ, ಬೆಳಗ್ಗೆ ಆರಕ್ಕೆ ಅಂಗಾತ ಮಲಗುವುದು. ಹನ್ನೊಂದು ಸಲ ಎದೆ ಮೇಲೆ ಯಾರೋ ಕೂತಿದ್ದಾರೆ, ಕಣ್ಣು ತೆರೆದಿದೆ, ಕೈಕಾಲು ಆಡುತ್ತಿಲ್ಲ, ಕೂಗಲು ಆಗುತ್ತಿಲ್ಲ. ಹೆಂಡತಿಗೆ ಒಂದು ಮಾತೂ ಹೇಳಿರಲಿಲ್ಲ. ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅನ್ನುತ್ತಾರೆ. ಕನಸಿನ ನಿದ್ದೆಯಲ್ಲಿ ಮೈ ತಾನಾಗಿ ಸ್ತಬ್ಧ ಆಗಿರುತ್ತದೆ, ಮೈ ಬಿಡುವ ಮುಂಚೆ ಎಚ್ಚರ ಆದರೆ ಹೀಗೆ. ನೂರರಲ್ಲಿ ಏಳೆಂಟು ಜನಕ್ಕೆ ಬದುಕಿನಲ್ಲಿ ಒಮ್ಮೆಯಾದರೂ ಆಗುತ್ತದೆ, ನಿದ್ದೆ ಕೆಟ್ಟವರಿಗೆ ಜಾಸ್ತಿ. ಮಗ್ಗುಲಾಗಿ ಮಲಗಿ, ಮಲಗುವ ಹೊತ್ತು ಬದಲಾಯಿಸಬೇಡಿ, ಶಿಫ್ಟ್ ಬಗ್ಗೆ ಕಂಪನಿಯಲ್ಲಿ ಮಾತಾಡಿ, ಮತ್ತೆ ಒಬ್ಬರೇ ಒಮ್ಮೆ ಬನ್ನಿ ಅಂದೆ. ಅಮ್ಮ ಹೋದ ಮೇಲೆ ಅವರು ಅತ್ತಿದ್ದನ್ನು ಯಾರೂ ನೋಡಿಲ್ಲ ಅಂತ ಸುಮಾ ಹೇಳಿದ್ದು ನನ್ನ ತಲೆಯಲ್ಲಿದೆ.

ಎರಡು ಸಲ ಸಮಯ ಕೊಟ್ಟೆ. ಒಂದು ಸಲ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವುದಿದೆ ಅಂದರು, ಇನ್ನೊಂದು ಸಲ ನೆಟ್‌ವರ್ಕ್ ಇಲ್ಲ. ಮೊನ್ನೆ ಅವರೇ ಮೆಸೇಜ್ ಮಾಡಿದ್ದಾರೆ, ಬೆಳಗ್ಗೆ ಆರು ಇಪ್ಪತ್ತಕ್ಕೆ: "ಶುಕ್ರವಾರ ಬರಲಾ?"