ಹಲ್ಲಿನ ಡಾಕ್ಟ್ರ ಕುರ್ಚಿ ಅಂದ್ರೆ ಎದೆ ಢವಢವ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 34 ವರ್ಷ, ಎರಡು ಹೆರಿಗೆ ಆಗಿದೆ, ಅದಕ್ಕೆಲ್ಲ ಹೆದರಿದವಳಲ್ಲ, ಆದ್ರೆ ನಾಳೆ ಹಲ್ಲು ತೋರಿಸೋಕೆ ಹೋಗ್ಬೇಕು ಅಂದ್ರೆ ರಾತ್ರಿಯೆಲ್ಲ ನಿದ್ದೆ ಬರಲ್ಲ. ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರು ಮಾಡಿದ್ರು, ಇಂಜೆಕ್ಷನ್ ಕೊಟ್ಟ ತಕ್ಷಣ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು, ಕೈ ನಡುಗ್ತು, ತುಟಿ ಮರಗಟ್ಟಿದ್ರೂ ಡ್ರಿಲ್ ಹಾಕಿದಾಗ ಒಳಗೆ ಏನೋ ಆಗ್ತಿತ್ತು, ಹೇಳೋಣ ಅಂದ್ರೆ ಬಾಯಲ್ಲಿ ಪೈಪು. "ಏನಮ್ಮ, ಚಿಕ್ಕ ಮಕ್ಕಳ ಥರ" ಅಂದ್ರು. ಅರ್ಧಕ್ಕೇ ಎದ್ದು ಬಂದೆ, ಟೆಂಪರರಿ ಫಿಲ್ಲಿಂಗ್ ಹಾಗೇ ಇದೆ. ನಂಗೆ ಮಾನಸಿಕ ತೊಂದ್ರೆ ಏನಾದ್ರೂ ಇದ್ಯಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಇದು ಹುಚ್ಚೂ ಅಲ್ಲ, ಹೇಡಿತನವೂ ಅಲ್ಲಮ್ಮ. ಎದೆ ಹೊಡ್ಕೊಂಡಿದ್ದಕ್ಕೆ ಅರ್ಧ ಕಾರಣ ಆ ಸೂಜೀಲೇ ಇರಬಹುದು. ಮರಗಟ್ಟೋ ಔಷಧಿ ಬೇಗ ಇಳೀಬಾರ್ದು ಅಂತ ಸಾಮಾನ್ಯವಾಗಿ ಅದರ ಜೊತೆ ಸ್ವಲ್ಪ ಅಡ್ರಿನಲಿನ್ ಸೇರಿಸಿರ್ತಾರೆ, ಭಯ ಆದಾಗ ನಮ್ಮ ಮೈ ತಾನೇ ಬಿಡೋದೂ ಅದನ್ನೇ, ಹಾಗಾಗಿ ಎದೆ ಓಡುತ್ತೆ, ಎದೆ ಓಡಿದ್ದು ನೋಡಿ ಮನಸ್ಸು "ಏನೋ ಆಗ್ತಿದೆ" ಅಂತ ಇನ್ನೂ ಹೆದರುತ್ತೆ. ಕೆಲವು ನಿಮಿಷದಲ್ಲಿ ಇಳಿಯುತ್ತೆ. ಬಿಪಿ, ಹೃದಯ, ಥೈರಾಯ್ಡ್ ತೊಂದ್ರೆ ಇದ್ರೆ ಮಾತ್ರ ಮೊದಲೇ ಹೇಳ್ಬಿಡಿ.

ಇನ್ನು ಒಳಗೆ "ಏನೋ ಆಗ್ತಿತ್ತು" ಅಂದ್ರಲ್ಲ. ಔಷಧಿ ನೋವು ನಿಲ್ಸುತ್ತೆ, ಆದ್ರೆ ಒತ್ತಿದ್ದು, ನಡುಗಿದ್ದು ಗೊತ್ತಾಗ್ತಾನೇ ಇರುತ್ತೆ, ಗಾಬರಿಯಾಗಿರೋ ಮನಸ್ಸಿಗೆ ಅದೂ ನೋವೇ. ಹಾಗಂತ ಎಲ್ಲಾ ನಿಮ್ಮ ಮನಸ್ಸಿನ ಮೇಲೆ ಹಾಕೋದೂ ಸರಿಯಲ್ಲ, ಕೀವಾಗಿ ಉರಿಯೂತ ಇರೋ ದವಡೆ ಹಲ್ಲಿಗೆ, ಅದೂ ಕೆಳಗಿನದಕ್ಕೆ, ಒಂದೊಂದ್ಸಲ ಔಷಧಿ ಸರಿಯಾಗಿ ಹತ್ತಲ್ಲ, ಆಗ ಇನ್ನೊಂದು ಸೂಜಿ ಕೊಡ್ಬೇಕೇ ಹೊರತು "ಚಿಕ್ಕ ಮಕ್ಕಳ ಥರ" ಅನ್ನೋದಲ್ಲ. ಆ ಮಾತು ತಪ್ಪು.

ಹೆರಿಗೇಲಿ ಇಲ್ಲದ ಭಯ ಇಲ್ಲಿ ಯಾಕೆ ಅಂದ್ರೆ, ಅಲ್ಲಿ ನೀವು ಕಿರುಚಬಹುದಿತ್ತು, ಯಾರದ್ದಾದ್ರೂ ಕೈ ಹಿಡ್ಕೋಬಹುದಿತ್ತು. ಇಲ್ಲಿ ಅಂಗಾತ ಮಲಗಿಸಿ ಬಾಯಿ ತೆರೆಸಿರ್ತಾರೆ, ಒಳಗೇನ್ ಮಾಡ್ತಿದ್ದಾರೆ ಕಾಣಲ್ಲ, ಇನ್ನೆಷ್ಟು ಹೊತ್ತು ಗೊತ್ತಿಲ್ಲ, ಸಾಕು ಅನ್ನೋಕೂ ಆಗಲ್ಲ. ನೋವಿನ ಜೊತೆಗೆ ಎಷ್ಟೋ ಜನರನ್ನ ಕಾಡೋದು ಈ ಅಸಹಾಯಕತೆ. ಅದಕ್ಕೇ ಶುರು ಮಾಡೋಕೆ ಮುಂಚೆನೇ "ಎಡಗೈ ಎತ್ತಿದ್ರೆ ನಿಲ್ಲಿಸ್ಬೇಕು" ಅಂತ ಡಾಕ್ಟ್ರ ಜೊತೆ ಮಾತಾಡ್ಕೊಳಿ, ಮತ್ತೆ ಏನೂ ನೋವಿಲ್ಲದಾಗ ಒಂದ್ಸಲ ಸುಮ್ನೆ ಕೈ ಎತ್ತಿ ನೋಡಿ, ನಿಲ್ಲಿಸ್ತಾರಾ ಅಂತ. ನಿಲ್ಲಿಸಿದ್ರು ಅಂತ ಗೊತ್ತಾದ್ರೆ ಆಮೇಲೆ ಕೈ ಎತ್ತೋದೇ ಕಮ್ಮಿಯಾಗುತ್ತೆ. ನಿಲ್ಲಿಸ್ಲಿಲ್ವಾ, ಡಾಕ್ಟ್ರನ್ನ ಬದಲಾಯಿಸಿ, ಮುಲಾಜು ಬೇಡ.

ಭಯ ಅಳೆಯೋಕೆ ನಮ್ಮಲ್ಲಿ ಐದು ಪ್ರಶ್ನೆಗಳಿವೆ. 1969ರಲ್ಲಿ ನಾರ್ಮನ್ ಕೋರಾ ಅನ್ನೋ ಮನಃಶಾಸ್ತ್ರಜ್ಞರು ನಾಲ್ಕು ಪ್ರಶ್ನೆ ಮಾಡಿದ್ರು, ಸೂಜಿ ಬಗ್ಗೆ ಅದ್ರಲ್ಲಿ ಇರ್ಲೇ ಇಲ್ಲ ನೋಡಿ, ಆಮೇಲೆ ಬೇರೆಯವ್ರು ಐದನೇದಾಗಿ ಸೇರಿಸಿದ್ರು! ಮೊದಲ್ನೇ ಪ್ರಶ್ನೆನೇ ನಿಮ್ಮದು, ನಾಳೆ ಹೋಗ್ಬೇಕು ಅಂದ್ರೆ ಹೇಗನ್ಸುತ್ತೆ ಅಂತ. ಒಟ್ಟು 25 ಅಂಕಕ್ಕೆ 19 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ತೀವ್ರ ಭಯ, ಅಂಥವ್ರಿಗೆ ಮನಃಶಾಸ್ತ್ರಜ್ಞರ ಹತ್ರ ಸಿಬಿಟಿ, ಅಂದ್ರೆ ಹೆದರಿಸೋ ಯೋಚನೆ, ಅಭ್ಯಾಸಗಳನ್ನ ಮಾತಾಡಿ ಬದಲಾಯಿಸೋ ಚಿಕಿತ್ಸೆ, ಒಳ್ಳೇ ಕೆಲಸ ಮಾಡುತ್ತೆ.

ಟೆಂಪರರಿ ಫಿಲ್ಲಿಂಗ್ ಹಾಗೇ ಬಿಡ್ಬೇಡಿ, ಅದು ಸವೆದು ಸೋರುತ್ತೆ, ಮತ್ತೆ ಕೀವಾದ್ರೆ ಮುಂದಿನ್ಸಲ ಔಷಧಿ ಇನ್ನೂ ಹತ್ತಲ್ಲ. ಬೆಳಗ್ಗೆ ಮೊದಲ ಅಪಾಯಿಂಟ್‌ಮೆಂಟ್ ತಗೊಳಿ, ಕಾಯ್ತಾ ಕೂತಷ್ಟೂ ಭಯ ಜಾಸ್ತಿ. ತಿಂಡಿ ತಿಂದೇ ಹೋಗಿ.

ಪ್ರಶ್ನೆ: ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಮಂಜಾಗುತ್ತೆ ಅಂತ ನಮ್ಮತ್ತೆ ಹಠ ಹಿಡಿದಿದ್ದಾರೆ, ನಿಜಾನಾ?
– ಓದುಗರು, ತಿಪಟೂರು

ಉತ್ತರ: ಸುಳ್ಳು. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಹಲ್ಲು ಅಲ್ಲಾಡೋ ವಯಸ್ಸಲ್ಲೇ ಪೊರೆನೂ ಬರುತ್ತಲ್ಲ, ಅದಕ್ಕೇ ಈ ಮಾತು ಹುಟ್ಟಿರಬೇಕು. ಅತ್ತೆಯವ್ರನ್ನ ಮೊದಲು ಕಣ್ಣಿನ ಡಾಕ್ಟ್ರಿಗೆ ತೋರಿಸಿ, ಆಮೇಲೆ ಹಲ್ಲು.